ಸಿಟಿಜನ್‌ನಿಂದ ಜನತಾವರೆಗೆ

ಪಾಲಾರಿವಟ್ಟಂನ ನಮಗೆ ಎಚ್‌ಎಂಟಿ ಎಂದರೆ ಹತ್ತಿರದ ಕಳಮಶ್ಶೇರಿಯ ಯಂತ್ರ ಕಾರ್ಖಾನೆ. ಊರಿನ ಹಿರಿಯರಿಗೆ ಅದು ಕೈಗಡಿಯಾರ! ಆ ಗಡಿಯಾರದ ಬೇರು ಜಪಾನಿನಲ್ಲಿದೆ.

1918ರಲ್ಲಿ ಟೋಕಿಯೋದಲ್ಲಿ ಆರಂಭವಾದ ಶೋಕೋಶಾ ಗಡಿಯಾರ ಸಂಶೋಧನಾ ಸಂಸ್ಥೆ 1924ರಲ್ಲಿ ಜೇಬುಗಡಿಯಾರವೊಂದನ್ನು ತಂದಿತು. ಅದು ಸಾಮಾನ್ಯ ನಾಗರಿಕರಿಗೂ ಎಟುಕಲೆಂದು, ಟೋಕಿಯೋದ ಮೇಯರ್ ಆಗಿದ್ದ ಗೋಟೊ ಶಿನ್‌ಪೇ 'ಸಿಟಿಜನ್' ಎಂದು ಹೆಸರಿಟ್ಟರು. 1930ರಲ್ಲಿ ಅದೇ ಹೆಸರಿನ ಕಂಪನಿ ಸ್ಥಾಪನೆಯಾಯಿತು.

ಇದೇ ಸಿಟಿಜನ್ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಬಿಡಿಭಾಗ ಜೋಡಿಸುವ ಸೂಕ್ಷ್ಮ ಕೆಲಸದಲ್ಲಿ ಅನೇಕ ಮಹಿಳೆಯರು ದುಡಿದರು. ಕೀ ಕೊಡುವ 'ಜನತಾ' ಮನೆಮಾತಾಯಿತು. ಸಿಟಿಜನ್ ಹೆಸರಿನ ಆಶಯವೇ ನಮ್ಮ ಮಾತಿನಲ್ಲಿ ಮತ್ತೆ ಹುಟ್ಟಿದಂತಿತ್ತು.

ಮುಂದೆ ಕ್ವಾರ್ಟ್ಸ್ ಗಡಿಯಾರಗಳ ಪೈಪೋಟಿಯಲ್ಲಿ ಎಚ್‌ಎಂಟಿ ಹಿಂದೆ ಬಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಅದರ ವಾಚ್ ಕಂಪನಿಯನ್ನು ಮುಚ್ಚಲು ನಿರ್ಧರಿಸಿತು. ಸಿಟಿಜನ್ ಇಂದಿಗೂ ನಡೆಯುತ್ತಿದೆ.

ಗೆಳತಿಯರೇ, ತವರಿನ ಬೀರುವಿನಲ್ಲಿ ಅಪ್ಪನ ಹಳೆಯ ಜನತಾ ಇದ್ದರೆ ಎಸೆಯಬೇಡಿ. ಅದರಲ್ಲಿ ಎಷ್ಟೋ ಹೆಣ್ಣುಮಕ್ಕಳ ಕೈಕೆಲಸವಿದೆ.