ವರಲಕ್ಷ್ಮಿ ಹತ್ತಿ: ಗಿಡದ ಗುಣ, ಮಣ್ಣಿನ ಋಣ

ಹಾವೇರಿ ಜಿಲ್ಲೆಯ ನಕ್ಷೆಯನ್ನು ಎದುರಿಗೆ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಮಲೆನಾಡಿನ ಅಂಚಿನ ಹಾನಗಲ್ಲ, ಅದರ ಉತ್ತರಕ್ಕೆ ಶಿಗ್ಗಾವಿ, ಪಕ್ಕದಲ್ಲಿ ವೀಳ್ಯದೆಲೆಗೆ ಹೆಸರಾದ ಸವಣೂರು, ದಕ್ಷಿಣಕ್ಕೆ ಹಿರೇಕೆರೂರು. ಇಂದು ಈ ಜಿಲ್ಲೆಯಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ. ಕೆಲವು ದಶಕಗಳ ಹಿಂದೆ ಇದು ಹತ್ತಿಯ ಸೀಮೆ. ಅಂದಿನ ಬೇಸಾಯದ ಬಗ್ಗೆ ಊರಿನ ಹಿರಿಯರನ್ನು ಕೇಳಿ. 'ವರಲಕ್ಷ್ಮಿ', 'ಡಿಸಿಎಚ್' ಎಂಬ ಹೆಸರುಗಳು ಬರುತ್ತವೆ. ಅದರ ಬೆನ್ನಲ್ಲೇ 'ಎಣ್ಣಿ ಹೊಡೆದ' ನೆನಪೂ ಬರುತ್ತದೆ. ಈ ಎರಡು ನೆನಪುಗಳಿಗೆ ಇರುವ ಸಂಬಂಧವೇನು?

ಧಾರವಾಡದ ಸಂಕರಣ

ಹಿಂದೆ ಈ ಭಾಗದಲ್ಲಿ 'ಜಯಧರ'ದಂತಹ ದೇಸಿ ಹತ್ತಿ ಬೆಳೆಯುತ್ತಿದ್ದರು. ಅದರ ನೂಲು ಒರಟು, ಇಳುವರಿ ಕಡಿಮೆ. ಆದರೆ ಬರವನ್ನೂ ಕೀಟಗಳನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತಿತ್ತು. ನಯವಾದ ಬಟ್ಟೆಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ದೇಶ ಆಮದು ಮಾಡಿಕೊಳ್ಳಬೇಕಾಗಿತ್ತು.

1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಡಾ. ಸಿ. ಟಿ. ಪಟೇಲ್ ಅವರು ವಾಣಿಜ್ಯ ಬೇಸಾಯಕ್ಕೆ ಒದಗುವ ಜಗತ್ತಿನ ಮೊದಲ ಸಂಕರಣ ಹತ್ತಿ 'ಎಚ್-4' ಅನ್ನು ನೀಡಿದರು. ಎರಡು ವರ್ಷಗಳ ನಂತರ, 1972ರಲ್ಲಿ, ಧಾರವಾಡದ ಡಾ. ಬಿ. ಎಚ್. ಕಟರ್ಕಿ ಅವರ 'ವರಲಕ್ಷ್ಮಿ' ಬಿಡುಗಡೆಯಾಯಿತು. ತಾಯಿ ನಮ್ಮ ಭಾಗದ 'ಲಕ್ಷ್ಮಿ' (ಗಾಸಿಪಿಯಮ್ ಹಿರ್ಸುಟಮ್). ತಂದೆ ನವಿರಾದ ಉದ್ದ ಎಳೆಯ 'ಎಸ್‌ಬಿ 289-ಇ' (ಗಾಸಿಪಿಯಮ್ ಬಾರ್ಬಡೆನ್ಸ್). ಎರಡೂ ಬೇರೆ ಪ್ರಭೇದಗಳು. ಆದರೂ ಎರಡರಲ್ಲೂ 52 ವರ್ಣತಂತುಗಳಿರುವುದರಿಂದ ಸಂಕರ ಸಂತತಿ ಬಂಜೆಯಾಗಲಿಲ್ಲ.

ಬೀಜೋತ್ಪಾದನೆ ಮಾತ್ರ ಕೈಯಿಂದಲೇ ನಡೆಯಬೇಕು. ಸಂಜೆ ಮೊಗ್ಗಿನ ಕೇಸರಗಳನ್ನು ಕಿತ್ತು, ಮರುದಿನ ಬೆಳಿಗ್ಗೆ ತಂದೆ ತಳಿಯ ಪರಾಗವನ್ನು ಹಚ್ಚಬೇಕು. ಈ ಸೂಕ್ಷ್ಮ ಕೆಲಸದಿಂದ ಹಳ್ಳಿಯ ಸಾವಿರಾರು ಕೈಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೂಲಿ ದೊರೆಯಿತು. 1981ರಲ್ಲಿ ಕಟರ್ಕಿಯವರ ಇನ್ನೊಂದು ಸಂಕರಣ 'ಡಿಸಿಎಚ್-32' (ಜಯಲಕ್ಷ್ಮಿ) ಬಂದಿತು.

ಬೆಲೆ ತೆತ್ತದ್ದು ಯಾರು?

ಈ ಗಿಡಗಳು ಹೊಲದಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಹಸಿರಾಗಿ ನಿಲ್ಲುತ್ತವೆ. ಜಿಗಿಹುಳು ಮತ್ತು ಕಾಯಿಕೊರಕಗಳಿಗೆ ಅಷ್ಟೂ ದಿನ ಊಟ! ತಳಿವಿಜ್ಞಾನ ಎಳೆಯ ಗುಣವನ್ನು ಗೆದ್ದಿತು; ಕೀಟ ನಿರೋಧಕ ಗುಣ ಹಿಂದೆ ಉಳಿಯಿತು. ಆ ಕೊರತೆಯನ್ನು ಸಿಂಪಡಣೆಯಿಂದ ತುಂಬಬೇಕಾಯಿತು. ಒಂದು ಕಾಲಕ್ಕೆ ದೇಶದ ಸಾಗುವಳಿ ಪ್ರದೇಶದ ಸುಮಾರು ಶೇ. 5ರಷ್ಟಿದ್ದ ಹತ್ತಿಯೇ ಕೀಟನಾಶಕಗಳ ಸುಮಾರು ಅರ್ಧದಷ್ಟನ್ನು ನುಂಗುತ್ತಿತ್ತು.

ಸಿಂಪಡಿಸಿದ್ದೆಲ್ಲ ಕೀಟಕ್ಕೆ ತಗಲುವುದಿಲ್ಲ. ಒಂದಷ್ಟು ನೇರವಾಗಿ ನೆಲಕ್ಕೆ ಬೀಳುತ್ತದೆ, ಎಲೆಯ ಮೇಲಿನದನ್ನು ಮಳೆ ತೊಳೆಯುತ್ತದೆ. ಡಿಡಿಟಿಯಂತಹ ಕ್ಲೋರಿನ್‌ಯುಕ್ತ ವಿಷಗಳು ಮಣ್ಣಿನ ಸಾವಯವ ಅಂಶಕ್ಕೂ ಜೇಡಿ ಕಣಗಳಿಗೂ ಅಂಟಿಕೊಳ್ಳುತ್ತವೆ. ಮಣ್ಣಿನಲ್ಲಿ ಡಿಡಿಟಿಯ ಅರ್ಧಾಯು 2ರಿಂದ 15 ವರ್ಷ. ಲೆಕ್ಕ ಹಾಕಿ ನೋಡಿ: ಅರ್ಧಾಯು 10 ವರ್ಷ ಎಂದಾದರೆ, 30 ವರ್ಷಗಳ ನಂತರವೂ ಎಂಟನೆಯ ಒಂದು ಭಾಗ ಉಳಿದಿರುತ್ತದೆ. ಭಾರತದಲ್ಲಿ ಕೃಷಿಗೆ ಡಿಡಿಟಿ ನಿಷೇಧವಾದದ್ದು 1989ರಲ್ಲಿ, ಬಿಎಚ್‌ಸಿ 1997ರಲ್ಲಿ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ.

ಮಣ್ಣು ಸುಮ್ಮನೆ ಕೂರುವುದಿಲ್ಲ, ನಿಜ. 1973ರಲ್ಲಿ ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಮತ್ತು ಜಪಾನಿನ ಟಿ. ಯೋಶಿದಾ ಅವರು ಫಿಲಿಪ್ಪೀನ್ಸಿನ ಭತ್ತದ ಗದ್ದೆಯಿಂದ ಬೇರ್ಪಡಿಸಿದ ಫ್ಲೇವೊಬ್ಯಾಕ್ಟೀರಿಯಮ್, ಡಯಾಜಿನಾನ್ ಎಂಬ ರಂಜಕಯುಕ್ತ ಕೀಟನಾಶಕವನ್ನು ಒಡೆಯಬಲ್ಲದೆಂದು ತೋರಿಸಿದರು. ಆದರೆ ಸೂಕ್ಷ್ಮಜೀವಿಗಳು ಎಲ್ಲ ವಿಷವನ್ನೂ ಒಂದೇ ವೇಗದಲ್ಲಿ ಜೀರ್ಣಿಸಿಕೊಳ್ಳಲಾರವು.

ಮತ್ತೆ ಗಿಡದ ಕಡೆಗೆ

ಕೀಟಗಳೂ ಪಾಠ ಕಲಿತವು. 1987ರ ಹೊತ್ತಿಗೆ ಆಂಧ್ರಪ್ರದೇಶದ ಹಸಿರು ಕಾಯಿಕೊರಕ ಪೈರೆಥ್ರಾಯ್ಡ್‌ಗಳನ್ನು ತಾಳಿಕೊಳ್ಳತೊಡಗಿತ್ತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ದೊರೆಯಿತು. ಅದರ ನಿರೋಧಕ ಜೀನ್ ಬಂದದ್ದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ, ಮಣ್ಣಿನಲ್ಲೇ ಬಾಳುವ ಬ್ಯಾಕ್ಟೀರಿಯದಿಂದ! ಕಾಯಿಕೊರಕಕ್ಕಾಗಿ ಮಾಡುವ ಸಿಂಪಡಣೆ ಮೊದಮೊದಲು ತಗ್ಗಿತು. ಮುಂದೆ ಗುಲಾಬಿ ಕಾಯಿಕೊರಕ ಅದನ್ನೂ ಮೀರಿತು. ಒಂದೇ ಗುಣವನ್ನು ನಂಬಿ ಕೂರುವುದು ಸಾಲದು. ಕಡಿಮೆ ಅವಧಿಯ ತಳಿ, ಬೆಳೆ ಬದಲಾವಣೆ, ಕೀಟದ ಸಂಖ್ಯೆ ಹಾನಿಯ ಮಟ್ಟ ಮುಟ್ಟಿದಾಗ ಮಾತ್ರ ಸಿಂಪಡಣೆ, ಇವೆಲ್ಲ ಒಟ್ಟಿಗೆ ಬೇಕು.

ಕಟರ್ಕಿಯವರ ಸಾಧನೆಯನ್ನು ಇದು ಕಿರಿದು ಮಾಡುವುದಿಲ್ಲ. ಅವರ ಮುಂದಿದ್ದ ಪ್ರಶ್ನೆ ಉದ್ದ ಎಳೆಯದು. ಅದಕ್ಕೆ ಅವರು ಉತ್ತರ ಕೊಟ್ಟರು. ತಳಿಯನ್ನು ಆರಿಸುವಾಗಲೇ ಮಣ್ಣಿಗೆ ಬೀಳುವ ವಿಷದ ಪ್ರಮಾಣವೂ ಬಹುಮಟ್ಟಿಗೆ ನಿರ್ಧಾರವಾಗುತ್ತದೆ ಎಂಬುದು ನಾವು ಕಲಿಯಬೇಕಾದ ಪಾಠ.

ನೀವೇ ನೋಡಿ

ಮಳೆಗಾಲದಲ್ಲಿ ಸಿಂಪಡಿಸಿದ ಹೊಲವೊಂದರಲ್ಲಿ, ಸಿಂಪಡಿಸದ ಹೊಲವೊಂದರಲ್ಲಿ 30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ. ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ ಎರೆಹುಳುಗಳನ್ನು ಎಣಿಸಿ, ಮತ್ತೆ ಗುಂಡಿಗೆ ಬಿಡಿ. ಪ್ರತಿ ಹೊಲದಲ್ಲೂ ಮೂರು ಕಡೆ ಹೀಗೆ ಮಾಡಿ. ತೇವ, ಗೊಬ್ಬರ, ಮಣ್ಣಿನ ಬಣ್ಣ ಎಲ್ಲವನ್ನೂ ಬರೆದಿಡಿ. ಇವುಗಳಿಂದಲೂ ಎಣಿಕೆ ಬದಲಾಗುತ್ತದೆ. ಸಿಂಪಡಿಸಿದ ಹೊಸದರಲ್ಲಿ ಹೊಲಕ್ಕೆ ಇಳಿಯಬೇಡಿ, ಕೈಗವಸು ಮರೆಯಬೇಡಿ.