ಪುನರುತ್ಥಾನ ಎಂಬ ಬಹುವಚನ

ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಗುಡ್ಡದ ಮಗ್ಗುಲಿಗೆ ಒಂದು ಬೋಳು ಬಂಡೆಯಿದೆ. ಅದರ ಹೆಸರು ಅರಿಯೊಪಾಗ. ಹಿಂದೆ ಅಲ್ಲಿ ಕೊಲೆ ಮೊಕದ್ದಮೆಗಳ ವಿಚಾರಣೆ ನಡೆಯುತ್ತಿತ್ತು. ಕ್ರಿ.ಪೂ. 458ರಲ್ಲಿ ನಾಟಕಕಾರ ಈಸ್ಕಿಲಸ್ 'ಯೂಮೆನಿಡಿಸ್' ಆಡಿಸಿದಾಗ, ಆ ಬಂಡೆಯ ಮೇಲಿನ ನ್ಯಾಯಸ್ಥಾನ ಹುಟ್ಟಿದ ಬಗೆಯನ್ನೇ ಕಥೆಯಾಗಿಸಿದ್ದ. ತಾಯಿಯನ್ನು ಕೊಂದ ಒರೆಸ್ಟಿಸ್ ಆರೋಪಿ. ಅವನ ಪರವಾಗಿ ಮಾತಾಡುವವನು ಸಾಕ್ಷಾತ್ ಅಪೊಲೊ ದೇವರು. ತೊಡಿಸಿದ ಕೋಳವನ್ನು ಬಿಚ್ಚಬಹುದು, ಆದರೆ ಮನುಷ್ಯನ ನೆತ್ತರು ಒಮ್ಮೆ ಮಣ್ಣಿಗೆ ಇಂಗಿತೆಂದರೆ ಅವನಿಗೆ 'ಅನಾಸ್ತಾಸಿಸ್' ಎಂಬುದಿಲ್ಲ, ಅದಕ್ಕೆ ತನ್ನ ತಂದೆಯೂ ಮಂತ್ರ ಕಟ್ಟಿಲ್ಲ ಎಂಬ ಅರ್ಥದಲ್ಲಿ ಆ ದೇವರು ಅಲ್ಲಿ ವಾದಿಸುತ್ತಾನೆ.

ಐದು ಶತಮಾನಗಳಾದ ಮೇಲೆ, ಸುಮಾರು ಕ್ರಿ.ಶ. 50ರಲ್ಲಿ, ತಾರ್ಸದ ಪೌಲ ಅದೇ ಅರಿಯೊಪಾಗದ ಎದುರು ನಿಂತು ಅದೇ ಪದವನ್ನು ನುಡಿದ: ಸತ್ತವನೊಬ್ಬನಿಗೆ ಅನಾಸ್ತಾಸಿಸ್ ಆಗಿದೆ ಎಂದ. ಕೆಲವರು ನಕ್ಕರು. ಇನ್ನು ಕೆಲವರು ಈ ವಿಷಯವನ್ನು ಮತ್ತೊಮ್ಮೆ ಕೇಳುತ್ತೇವೆ ಎಂದು ಎದ್ದು ಹೋದರು. ದಿಯೊನುಸ್ಯ ಎಂಬಾತ, ದಾಮರಿ ಎಂಬಾಕೆ ಮತ್ತು ಇನ್ನು ಕೆಲವರು ನಂಬಿದರು. ಅದಕ್ಕೂ ಮೊದಲು ಪೇಟೆಬೀದಿಯಲ್ಲಿ ಪೌಲನ ಮಾತು ಕೇಳಿದ ತತ್ತ್ವಜ್ಞಾನಿಗಳು ಇವನು ಯಾವುದೋ ಹೊರನಾಡಿನ ದೇವತೆಗಳನ್ನು ತಂದಿದ್ದಾನೆ ಅಂದುಕೊಂಡಿದ್ದರಂತೆ. ಅವರಿಗೆ ಹಾಗೇಕೆ ಅನಿಸಿತೆಂಬುದಕ್ಕೆ ನಾಲ್ಕನೆಯ ಶತಮಾನದ ಪ್ರಸಂಗಕಾರ ಯೊವಾನ್ನ ಕ್ರಿಸೊಸ್ತೊಮ ಕೊಡುವ ವಿವರಣೆ ನನಗೆ ಬಹಳ ಪ್ರಿಯವಾದದ್ದು. ಗ್ರೀಕಿನಲ್ಲಿ ಅನಾಸ್ತಾಸಿಸ್ ಸ್ತ್ರೀಲಿಂಗದ ಪದ. ಯೇಸು ಒಬ್ಬ ದೇವರು, ಅನಾಸ್ತಾಸಿಸ್ ಇನ್ನೊಬ್ಬ ದೇವತೆ ಎಂದು ಅವರು ಎಣಿಸಿದರು ಎನ್ನುತ್ತಾನೆ ಆತ.

ನಗುವುದಕ್ಕೆ ಅಥೆನ್ಸಿನವರಿಗೆ ಕಾರಣವಿತ್ತು. 'ಅನಾ' ಎಂದರೆ ಮೇಲಕ್ಕೆ. 'ಸ್ತಾಸಿಸ್' ಎಂದರೆ ನಿಲ್ಲುವಿಕೆ. ಎದ್ದು ನಿಲ್ಲುವುದು, ನಿಲ್ಲಿಸುವುದು, ಅಷ್ಟೇ. ಕೂತವರು ಏಳುವುದಕ್ಕೂ, ಗೋಡೆ ಎಬ್ಬಿಸುವುದಕ್ಕೂ ಅದನ್ನು ಬಳಸುತ್ತಿದ್ದರು. ಯುದ್ಧದಲ್ಲಿ ಸೋತ ಊರಿನ ಜನರನ್ನು ಒಕ್ಕಲೆಬ್ಬಿಸುವುದಕ್ಕೂ ಅದೇ ಪದ. ನಮ್ಮ 'ಒಕ್ಕಲೆಬ್ಬಿಸು'ವಿನಲ್ಲೂ 'ಎಬ್ಬಿಸು' ಕೂತಿರುವುದನ್ನು ಗಮನಿಸಿ. ಸಾವಿನ ಸಂಗತಿಗೆ ಬಂದಾಗ ಮಾತ್ರ ಗ್ರೀಕರು ಈ ಪದವನ್ನು ಹೆಚ್ಚಾಗಿ 'ಇಲ್ಲ'ದ ಜೊತೆಗೆ ಹೇಳುತ್ತಿದ್ದರು. 'ಇಲಿಯಡ್' ಕಾವ್ಯದ ಕೊನೆಯ ಭಾಗದಲ್ಲಿ, ಮಗನ ಹೆಣ ಕೇಳಲು ಬಂದ ಮುದಿ ದೊರೆ ಪ್ರಿಯಾಮನಿಗೆ, ಅತ್ತರೆ ಮಗ ಎದ್ದು ಬರುವುದಿಲ್ಲವೆಂದು ಅಖಿಲಿಸ್ ಹೇಳುವಾಗ ಬಳಸುವುದು ಇದೇ ಧಾತುವನ್ನು. ಗ್ರೀಕರು ಸಾವಿನ ಎದುರು ಪ್ರಾಮಾಣಿಕರಾಗಿದ್ದರು. ಆತ್ಮ ದೇಹದ ಬಂಧನದಿಂದ ಪಾರಾಗುತ್ತದೆ ಎಂದು ಪೌಲ ಹೇಳಿದ್ದರೆ ಪ್ಲೇಟೊನನ್ನು ಓದಿದವರು ತಲೆದೂಗುತ್ತಿದ್ದರು. ಅವನು ಹಾಗೆನ್ನದೆ, ನೆಟ್ಟಗೆ ನಿಲ್ಲುವುದಕ್ಕೆ ಕಾಲು ಬೇಕಾದ ಪದವನ್ನೇ ಆರಿಸಿಕೊಂಡ.

ಆ ಪದದೊಳಗೆ ಪೌಲ ತುಂಬಿದ ಅರ್ಥ ಗ್ರೀಕರದಲ್ಲ, ಅವನ ಯೆಹೂದಿ ಹಿರಿಯರದು. ಹೀಬ್ರೂವಿನಲ್ಲಿ 'ಕೂಮ್' ಎಂಬ ಧಾತುವಿದೆ. ನಿತ್ಯದ ಮಾತಿನ ಧಾತು ಅದು, ನಮ್ಮ 'ಏಳು' ಇದ್ದ ಹಾಗೆ. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಸತ್ತವರ ದೇಹಗಳು ಏಳುವ ಮಾತು ಬರುವಾಗ ಇರುವುದು ಇದೇ. ಅರಾಮಿಕ್ ಭಾಷೆಯಲ್ಲೂ ಇದೇ. ಯಾಯೀರನ ಹನ್ನೆರಡು ವರ್ಷದ ಮಗಳು ತೀರಿಕೊಂಡಾಗ ಯೇಸು ಅವಳ ಕೈಹಿಡಿದು ಆಡಿದ ಮಾತನ್ನು ಸುವಾರ್ತೆ ಬರೆದ ಮಾರ್ಕನು ಗ್ರೀಕಿಗೆ ತಿರುಗಿಸುವ ಮೊದಲು ಅರಾಮಿಕ್ಕಿನಲ್ಲೇ ಉಳಿಸಿದ್ದಾನೆ. ಅದರ ಎರಡನೆಯ ಪದ 'ಕೂಮ್'. ಬೆಳಗಾಯಿತು ಏಳು ಎಂದು ತಾಯಿ ಮಗುವಿಗೆ ಹೇಳುವ ಪದ. ಹುಡುಗಿ ಎದ್ದ ಮೇಲೆ ಅವಳಿಗೆ ಏನಾದರೂ ತಿನ್ನಲು ಕೊಡಿ ಎಂದೂ ಯೇಸು ಹೇಳಿದ.

ಸತ್ತವರು ಏಳುತ್ತಾರೆಂಬ ಭರವಸೆ ಇಸ್ರಾಯೇಲಿನಲ್ಲಿ ಗಟ್ಟಿಯಾದದ್ದು ಹಿಂಸೆಯ ಕಾಲದಲ್ಲಿ. ಕ್ರಿ.ಪೂ. 167ರಲ್ಲಿ ನಾಲ್ಕನೆಯ ಆಂಟಿಯೊಕಸ್ ದೊರೆ ಜೆರುಸಲೇಮಿನ ದೇವಾಲಯವನ್ನು ಹೊಲೆಗೆಡಿಸಿ, ಧರ್ಮಶಾಸ್ತ್ರವನ್ನು ಪಾಲಿಸುವವರನ್ನು ಕೊಲ್ಲಿಸತೊಡಗಿದ. ಕೆಟ್ಟವರಿಗೆ ಕೇಡು, ಒಳ್ಳೆಯವರಿಗೆ ಆಯುಸ್ಸು ಎಂಬ ಹಳೆಯ ಲೆಕ್ಕ ಆಗ ತಲೆಕೆಳಗಾಯಿತು, ಸಾಯುತ್ತಿದ್ದವರು ನಿಷ್ಠರಾಗಿದ್ದವರೇ. ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ ಒಬ್ಬ ತಾಯಿ, ಏಳು ಗಂಡುಮಕ್ಕಳ ಕಥೆ ಬರುತ್ತದೆ. ತಾಯಿಯ ಕಣ್ಣೆದುರೇ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಾರೆ. ಒಬ್ಬ ಮಗ ತನ್ನ ಕೈಗಳನ್ನು ತಾನೇ ಮುಂದಕ್ಕೆ ಚಾಚಿ, ಇವನ್ನು ಕೊಟ್ಟವನಿಂದಲೇ ಮರಳಿ ಪಡೆಯುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ದೊರೆಯ ಮುಖ ನೋಡಿ, ಜೀವಕ್ಕೆ ಏಳುವ ಅನಾಸ್ತಾಸಿಸ್ ನಿನಗೆ ಮಾತ್ರ ಇಲ್ಲ ಎಂದು ಸಾಯುತ್ತಾನೆ. ಈ ಪುಸ್ತಕವನ್ನು ಕ್ಯಾಥೊಲಿಕರು ಬೈಬಲಿನಲ್ಲಿ ಓದುತ್ತಾರೆ, ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಅದಿಲ್ಲ. ಆದರೂ ಪುನರುತ್ಥಾನವೆಂಬ ಪದ ಎಲ್ಲಿಂದ ಬಂತೆಂದು ತಿಳಿಯಬಯಸುವ ಯಾರೇ ಆಗಲಿ ಅದನ್ನೊಮ್ಮೆ ಓದಬೇಕು. ಕತ್ತರಿಸಿದ ಕೈಗಳ ಲೆಕ್ಕ ಯಾರು ಒಪ್ಪಿಸುತ್ತಾರೆ ಎಂಬ ಪ್ರಶ್ನೆಯಿಂದ ಈ ನಂಬಿಕೆ ಹುಟ್ಟಿತು. ಸತ್ತ ಮೇಲೆ ನನ್ನ ಗತಿಯೇನು ಎಂಬ ಒಬ್ಬಂಟಿ ಆತಂಕ ಅದರ ಮೂಲವಲ್ಲ. ಹಾಗಾಗಿ ಆ ಪದ ಮೊದಲಿನಿಂದಲೂ ಬಹುವಚನದ ಸಂಗತಿಯೇ ಆಗಿತ್ತು: ಕೊನೆಯ ದಿನದಲ್ಲಿ, ಎಲ್ಲರೂ, ಒಟ್ಟಿಗೆ.

ಯೇಸುವಿನ ಕಾಲಕ್ಕೆ ಫರಿಸಾಯರು ಇದನ್ನು ಒಪ್ಪುತ್ತಿದ್ದರು, ದೇವಾಲಯದ ಆಡಳಿತ ಹಿಡಿದಿದ್ದ ಸದ್ದುಕಾಯರು ತಳ್ಳಿಹಾಕುತ್ತಿದ್ದರು. ಬೆಥಾನಿಯದ ಮಾರ್ಥ, ತಮ್ಮ ಲಾಜರ ಸತ್ತು ನಾಲ್ಕು ದಿನವಾಗಿದ್ದಾಗ, ಕಡೆಯ ದಿನದ ಪುನರುತ್ಥಾನದಲ್ಲಿ ಅವನೂ ಎದ್ದಾನೆಂದು ಬಲ್ಲೆ ಎನ್ನುತ್ತಾಳೆ. ಊರಿನ ಸಾಮಾನ್ಯ ಹೆಣ್ಣುಮಗಳ ಬಾಯಲ್ಲೂ ಆ ಪದವಿತ್ತು ಎಂದಾಯಿತು. ಹೀಗಿದ್ದೂ ಒಮ್ಮೆ ಬೆಟ್ಟವೊಂದನ್ನು ಇಳಿಯುವಾಗ ಯೇಸು ತಾನು ಸತ್ತು ಏಳುವುದರ ಬಗ್ಗೆ ಹೇಳಿದಾಗ ಮೂವರು ಶಿಷ್ಯರು ತಬ್ಬಿಬ್ಬಾಗುತ್ತಾರೆ. ಸತ್ತವರೊಳಗಿಂದ ಏಳುವುದು ಎಂದರೆ ಏನು ಎಂದು ತಮ್ಮತಮ್ಮೊಳಗೆ ಚರ್ಚಿಸಿದರು ಎಂದು ಮಾರ್ಕನು ಬರೆದಿದ್ದಾನೆ. ಈ ಪದದ ಕುರಿತ ಜಿಜ್ಞಾಸೆ ಆ ಇಳಿಜಾರಿನಲ್ಲೇ ಶುರುವಾಯಿತು ಎನ್ನಬೇಕು. ಎಲ್ಲರೂ ಏಳುವುದು ಅವರಿಗೆ ಗೊತ್ತಿತ್ತು. ಲೋಕ ಹೀಗೇ ನಡೆಯುತ್ತಿರುವಾಗ, ನಡುವೆ, ಒಬ್ಬನೇ ಏಳುವುದು ಹೇಗೆ?

ಈ ಗಂಟನ್ನು ಬಿಡಿಸಿದವನು ಪೌಲ. ಕ್ರಿ.ಶ. 50ರ ದಶಕದಲ್ಲಿ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅವನು ಎದ್ದ ಕ್ರಿಸ್ತನನ್ನು 'ಅಪಾರ್ಖೆ' ಎನ್ನುತ್ತಾನೆ. ಮೊದಲ ಬೆಳೆ, ಕನ್ನಡ ಬೈಬಲಿನ 'ಪ್ರಥಮಫಲ'. ಪಸ್ಕ ಹಬ್ಬದ ಬಳಿಕ ಬರುವ ಸಬ್ಬತ್ತಿನ ಮರುದಿನ ಹೊಸ ಬೆಳೆಯ ಮೊದಲ ಸಿವುಡನ್ನು ಯಾಜಕನ ಕೈಗೆ ಕೊಡಬೇಕೆಂಬ ಯೆಹೂದಿ ವಿಧಿ ಅವನ ಮನಸ್ಸಿನಲ್ಲಿತ್ತು. ಮಂಗಳೂರು ಕಡೆಯ ಕ್ರೈಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಂದು ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಉಣ್ಣುವಾಗ, ಗದ್ದೆಯಲ್ಲಿ ಉಳಿದ ಬೆಳೆ ಇನ್ನೂ ನಿಂತೇ ಇರುತ್ತದೆ. ಕೈಗೆ ಬಂದ ತೆನೆ ಬೇರೆಯಲ್ಲ, ಗದ್ದೆಯ ಬೆಳೆ ಬೇರೆಯಲ್ಲ. ಪೌಲನ ತರ್ಕವೂ ಅದೇ. ಅವನ ವಾದದ ದಿಕ್ಕನ್ನು ಓದುಗರು ಹಲವೊಮ್ಮೆ ಗಮನಿಸುವುದಿಲ್ಲ. ಸತ್ತವರಿಗೆ ಪುನರುತ್ಥಾನ ಇಲ್ಲದಿದ್ದರೆ ಕ್ರಿಸ್ತನೂ ಎದ್ದಿಲ್ಲ ಎನ್ನುತ್ತಾನೆ ಅವನು. ಗದ್ದೆಯೇ ಇಲ್ಲದಿದ್ದರೆ ಮೊದಲ ತೆನೆ ಎಲ್ಲಿಂದ ಬಂತು ಎಂಬುದು ಅವನ ಪ್ರಶ್ನೆ.

ಅದೇ ಪತ್ರದಲ್ಲಿ ಇನ್ನೊಂದು ಕ್ರಿಯಾಪದವಿದೆ, 'ಎಗೈರೊ': ನಿದ್ದೆಯಿಂದ ಎಬ್ಬಿಸು. ಕ್ರಿಸ್ತನ ಸಾವು ಮತ್ತು ಹೂಳುವಿಕೆಯನ್ನು ಹೇಳುವಾಗ ಆಗಿ ಮುಗಿದ ಕಾಲವನ್ನು ಬಳಸುವ ಪೌಲ, ಮೂರನೆಯ ದಿನಕ್ಕೆ ಬಂದೊಡನೆ ಕಾಲವನ್ನು ಬದಲಿಸುತ್ತಾನೆ. ಎಬ್ಬಿಸಲ್ಪಟ್ಟು ಈಗಲೂ ಹಾಗೆಯೇ ಇದ್ದಾನೆ ಎಂಬ ಅರ್ಥದ ರೂಪ ಅದು. ನಮ್ಮ ಸಭೆಗಳಲ್ಲಿ ಈಸ್ಟರ್ ಬೆಳಗ್ಗೆ ಒಬ್ಬರು 'ಕ್ರಿಸ್ತನು ಎದ್ದಿದ್ದಾನೆ' ಎಂದರೆ ಉಳಿದವರು 'ನಿಜವಾಗಿ ಎದ್ದಿದ್ದಾನೆ' ಎನ್ನುವರಲ್ಲ, ಆ 'ಇದ್ದಾನೆ'ಯಲ್ಲಿ ಅದೇ ಕಾಲ ಸಹಜವಾಗಿ ಕೂತಿದೆ. 'ಎದ್ದನು' ಎಂದರೆ ಸುದ್ದಿ ಮಾತ್ರ ಆಗುತ್ತಿತ್ತು.

ಸಾವು ನಿದ್ದೆಯಾದರೆ ಸಮಾಧಿಯೂ ಹೊಸ ಹೆಸರು ಪಡೆಯಬೇಕಲ್ಲವೇ? ಗ್ರೀಕಿನಲ್ಲಿ ಮಲಗುವ ಕೋಣೆಗೆ 'ಕೊಯ್ಮೆತೇರಿಯೊನ್' ಎನ್ನುತ್ತಿದ್ದರು. ಮೊದಲ ಕ್ರೈಸ್ತರು ತಮ್ಮವರನ್ನು ಹೂಳುವ ಜಾಗಕ್ಕೆ ಆ ಹೆಸರಿಟ್ಟರು. ಇಂಗ್ಲಿಷಿನ ಸಿಮೆಟ್ರಿ ಅದರ ಮೊಮ್ಮಗಳು. ಕನ್ನಡದ ಕ್ರೈಸ್ತ ಗೋರಿಕಲ್ಲುಗಳ ಮೇಲೆ 'ಕರ್ತನಲ್ಲಿ ನಿದ್ರೆಹೋದರು' ಎಂಬ ಬರಹ ಕಂಡಾಗ ಅದನ್ನು ಸಾವನ್ನು ಮೃದುಗೊಳಿಸುವ ನಯದ ಮಾತೆಂದು ಓದಬಾರದು. ಮಲಗಿದವರನ್ನು ಎಬ್ಬಿಸುವವನಿದ್ದಾನೆಂಬ ಪೂರ್ತಿ ವಾಕ್ಯದ ಮೊದಲರ್ಧ ಅದು.

ಇಷ್ಟೆಲ್ಲ ಹೊತ್ತ ಪದ ಕನ್ನಡಕ್ಕೆ ಬಂದಾಗ ಅದಕ್ಕೆ ಎಂಥ ಮೈ ಸಿಕ್ಕಿತು? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದರು. ಮುಂದೆ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ, ಆಮೇಲೆ ಇಪ್ಪತ್ತನೆಯ ಶತಮಾನದ ಅನುವಾದಕರು ಆ ಕೆಲಸವನ್ನು ತಿದ್ದುತ್ತ ಬಂದರು. ಈ ನೆಲದಲ್ಲಿ 'ಪುನರ್ಜನ್ಮ' ಸಿದ್ಧವಾಗಿ ಕೈಗೆ ಸಿಗುವ ಪದ. ಆದರೆ ಅದರಲ್ಲಿ ಹಳೆಯ ಒಡಲು ಕಳಚಿ ಹೊಸ ಒಡಲು, ಹೊಸ ತಾಯಿ, ಹೊಸ ಹೆಸರು. ಎದ್ದ ಕ್ರಿಸ್ತ ಶಿಷ್ಯ ತೋಮನಿಗೆ ತೋರಿಸಿದ್ದು ಹಳೆಯ ಗಾಯಗಳನ್ನೇ. 'ಮರುಜೀವ'ವೂ ಸಾಲದು, ಏಕೆಂದರೆ ಮರುಜೀವ ಪಡೆದ ಲಾಜರ ಮತ್ತೊಮ್ಮೆ ಸಾಯಬೇಕಿತ್ತು. ಕನ್ನಡದಲ್ಲಿ ನೆಲೆಯಾದದ್ದು 'ಪುನರುತ್ಥಾನ'.

ಉತ್ + ಸ್ಥಾನ = ಉತ್ಥಾನ. ಸಂಸ್ಕೃತದ 'ಸ್ಥಾ', ಗ್ರೀಕಿನ 'ಸ್ತಾ' ಒಂದೇ ತಾಯಿಬೇರಿನ ಕುಡಿಗಳು. ಅನಾಸ್ತಾಸಿಸ್, ಉತ್ಥಾನ ಎರಡೂ 'ಮೇಲಕ್ಕೆ ನಿಲ್ಲುವುದು' ಎಂಬ ಒಂದೇ ಕಟ್ಟಡದ ಪದಗಳು. ಗ್ರೀಕಿನ 'ಅನಾ'ಕ್ಕೆ 'ಮೇಲಕ್ಕೆ' ಎಂಬರ್ಥವೂ ಇದೆ, 'ಮರಳಿ' ಎಂಬರ್ಥವೂ ಇದೆ; 'ಪುನರ್' ಮತ್ತು 'ಉತ್' ಎರಡನ್ನೂ ಜೊತೆಗಿಟ್ಟು ನಮ್ಮ ಪದ ಎರಡನ್ನೂ ಬಿಡಿಸಿ ಹೇಳುತ್ತದೆ. ಇಷ್ಟು ನಿಕಟವಾಗಿ ಹೊಂದುವ ಅನುವಾದಗಳು ವಿರಳ. ನಿದ್ದೆಯ ಅರ್ಥವೂ ಅದರೊಳಗೆ ಮೊದಲೇ ಇತ್ತು. ಆಷಾಢದಲ್ಲಿ ಮಲಗಿದ ವಿಷ್ಣು ಕಾರ್ತಿಕದಲ್ಲಿ ಏಳುವ ದಿನವನ್ನು ನಮ್ಮ ಮನೆಗಳಲ್ಲಿ ಉತ್ಥಾನ ದ್ವಾದಶಿ ಎಂದೇ ಕರೆಯುತ್ತಾರೆ, ತುಳಸಿಯ ಬುಡದಲ್ಲಿ ನೆಲ್ಲಿಕೊಂಬೆ ನೆಟ್ಟು ಪೂಜಿಸುತ್ತಾರೆ. ನಂಬಿಕೆಗಳು ಬೇರೆಬೇರೆ, ಆದರೆ ಕ್ರೈಸ್ತರು ಈ ಪದವನ್ನು ಕಟ್ಟಿಕೊಂಡದ್ದು ಕನ್ನಡದ ಅಂಗಳದಲ್ಲಿದ್ದ ಮಾತಿನಿಂದಲೇ. ನೆರೆಯ ಮಲಯಾಳದ ಕ್ರೈಸ್ತರು 'ಉಯಿರ್ಪ್ಪ್' ಎನ್ನುತ್ತಾರೆ. ನಮ್ಮ 'ಉಸಿರಿ'ನ ಸೋದರಪದ ಅದು. ಕೊಂಕಣಿಯವರದು ಜೀವದಿಂದ ಬಂದ 'ಜಿವಂತಪಣ್'. ಮೂರರಲ್ಲಿ ನಿಲುವಿನ ಚಿತ್ರವಿರುವುದು ಕನ್ನಡದ್ದರಲ್ಲಿ ಮಾತ್ರ.

ಪದದ ಇನ್ನೊಂದು ಕವಲು ಜೆರುಸಲೇಮಿನಲ್ಲೇ ಉಳಿಯಿತು. ಯೇಸುವಿನ ಸಮಾಧಿಯೆಂದು ನಂಬಲಾದ ಜಾಗದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ದೇವಾಲಯ 335ರಲ್ಲಿ ಪ್ರತಿಷ್ಠೆಯಾಯಿತು. ಪಶ್ಚಿಮದವರು ಅದನ್ನು ಪವಿತ್ರ ಸಮಾಧಿಯ ದೇವಾಲಯ ಎನ್ನುತ್ತಾರೆ. ಗ್ರೀಕರು ಅದಕ್ಕೆ ಅನಾಸ್ತಾಸಿಸ್ ಎಂದು ಹೆಸರಿಟ್ಟರು. ಅರಬ್ಬಿ ಮಾತಾಡುವ ಕ್ರೈಸ್ತರಿಗೆ ಅದು ಕನೀಸತ್ ಅಲ್ ಕಿಯಾಮಾ. 'ಕಿಯಾಮಾ'ದಲ್ಲಿರುವುದು ಯಾಯೀರನ ಮಗಳು ಕೇಳಿಸಿಕೊಂಡ 'ಕೂಮ್'. ಮುಸ್ಲಿಮರ ಮಾತಿನಲ್ಲಿ ಕಯಾಮತ್ ಆಗಿ ನಾವು ಕೇಳುವುದೂ ಅದೇ ಬೇರಿನ ಪದ: ಎಲ್ಲರೂ ಎದ್ದು ನಿಲ್ಲುವ ದಿನ. ರಷ್ಯನ್ನರು ಒಂದು ಹೆಜ್ಜೆ ಮುಂದೆ ಹೋಗಿ ವಾರದ ಮೊದಲ ದಿನಕ್ಕೇ ಈ ಪದವಿಟ್ಟರು. ಅವರ ಭಾನುವಾರದ ಹೆಸರು 'ವಸ್ಕ್ರೆಸೇನ್ಯೆ', ಪುನರುತ್ಥಾನ.

ಚಿತ್ರಗಳಲ್ಲಿ ಈ ಪದ ಎರಡು ದಾರಿ ಹಿಡಿದದ್ದನ್ನೂ ಹೇಳಬೇಕು. ಪಶ್ಚಿಮ ಯುರೋಪಿನ ವರ್ಣಚಿತ್ರಗಳಲ್ಲಿ ಕ್ರಿಸ್ತ ಸಾಮಾನ್ಯವಾಗಿ ಒಬ್ಬನೇ ಧ್ವಜ ಹಿಡಿದು ಸಮಾಧಿಯಿಂದ ಮೇಲೇಳುತ್ತಾನೆ, ಕೆಳಗೆ ಕಾವಲುಗಾರರು ಬಿದ್ದಿರುತ್ತಾರೆ. ಪೂರ್ವದ ಸಭೆಗಳು 'ಅನಾಸ್ತಾಸಿಸ್' ಎಂದು ಹೆಸರಿಟ್ಟ ಚಿತ್ರದಲ್ಲಿ ಅವನು ಒಬ್ಬನೇ ಏಳುವುದಿಲ್ಲ. ಇಸ್ತಾಂಬುಲಿನ ಖೋರಾ ದೇವಾಲಯದ ಮಗ್ಗುಲಿನ ಗುಡಿಯಲ್ಲಿ, ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬರೆದ ಭಿತ್ತಿಚಿತ್ರದಲ್ಲಿ, ಬಿಳಿಯುಡುಪಿನ ಕ್ರಿಸ್ತ ಮುರಿದುಬಿದ್ದ ಬಾಗಿಲು, ಚಿಲಕ, ಕೀಲಿಗಳನ್ನು ತುಳಿದು ನಿಂತು, ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದರಲ್ಲಿ ಹವ್ವಳನ್ನೂ ಅವರವರ ಗೋರಿಗಳಿಂದ ಎಳೆದು ಎಬ್ಬಿಸುತ್ತಿದ್ದಾನೆ. ಹಿಡಿದಿರುವುದು ಮಣಿಕಟ್ಟನ್ನು. ಅವರು ಅವನ ಕೈಯನ್ನು ಹಿಡಿದುಕೊಂಡಿಲ್ಲ, ಹಿಡಿಯುವ ತ್ರಾಣವೂ ಅವರಿಗಿಲ್ಲ. ಕನ್ನಡದಲ್ಲಿ 'ಏಳು' ಮತ್ತು 'ಎಬ್ಬಿಸು' ಒಂದೇ ಬೇರಿನ ಎರಡು ರೂಪಗಳು. ಆ ಗೋಡೆಯಲ್ಲಿ ಅವೆರಡೂ ಒಂದೇ ಕ್ಷಣದಲ್ಲಿ ನಡೆಯುತ್ತಿವೆ. ಪಶ್ಚಿಮದ ಚಿತ್ರ ಗೆಲುವನ್ನು ತೋರಿಸುತ್ತದೆ, ಅದು ಸುಳ್ಳಲ್ಲ. ಆದರೆ ಮಕ್ಕಬಿಯರ ತಾಯಿಗೆ, ಮಾರ್ಥಳಿಗೆ ಅರ್ಥವಾಗುತ್ತಿದ್ದ ಚಿತ್ರ ಖೋರಾದ್ದು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ನಮಗೆ ಬಂದಿರುವ ವಿಶ್ವಾಸಪ್ರಮಾಣದಲ್ಲಿ ಈ ಮಾತು ಎರಡು ಸಲ ಬರುತ್ತದೆ. ಕ್ರಿಸ್ತನ ಬಗ್ಗೆ ಹೇಳುವಾಗ ಕ್ರಿಯಾಪದ: ಮೂರನೆಯ ದಿನ ಎದ್ದ. ಸತ್ತವರೆಲ್ಲರ ಬಗ್ಗೆ ಹೇಳುವಾಗ ನಾಮಪದ, ಅನಾಸ್ತಾಸಿಸ್. ಅದರ ಜೊತೆಗೆ 'ಪ್ರೊಸ್ದೊಕೋಮೆನ್' ಎಂಬ ಕ್ರಿಯಾಪದ, ಎದುರುನೋಡುತ್ತೇವೆ ಎಂದು. ಬರಬೇಕಾದವರಿಗಾಗಿ ಕಾಯುವಾಗ ಬಳಸುವ ಪದವದು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಧೂಪ ಹಾಕಲು ದೇವಾಲಯದೊಳಗೆ ಹೋದ ಜಕರೀಯ ತಡಮಾಡಿದಾಗ, ಹೊರಗೆ ನಿಂತ ಜನ ಅವನಿಗಾಗಿ ಕಾಯುತ್ತಿದ್ದುದನ್ನು ಹೇಳಲು ಲೂಕನು ಬಳಸಿರುವುದೂ ಅದನ್ನೇ.