ಹಂಸಗೀತೆಯ ಗಾಯಕನೂ ದುರ್ಗದ ಪತನವೂ

ಚಿತ್ರದುರ್ಗವೆಂದೊಡನೆ ಏಳು ಸುತ್ತಿನ ಕೋಟೆಯೂ ಮದಕರಿ ನಾಯಕನ ಶೌರ್ಯವೂ ಮನಸ್ಸಿಗೆ ಬರುವುವು. ಆ ಕೋಟೆಯ ಆಶ್ರಯದಲ್ಲಿ ಹಾಡಿದವರ ನೆನಪು ಅಷ್ಟು ಸುಲಭವಾಗಿ ಬರುವುದಿಲ್ಲ. ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬಿದುದು ತ. ರಾ. ಸುಬ್ಬರಾಯರ 'ಹಂಸಗೀತೆ' ಕಾದಂಬರಿ. ಅದರ ಆಧಾರದ ಮೇಲೆ ೧೯೫೬ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದಿ ಚಿತ್ರವು ಬಂದಿತು, ೧೯೭೫ರಲ್ಲಿ ಜಿ. ವಿ. ಅಯ್ಯರ್ ಅವರು ಮೂಲದ ಹೆಸರಿನಲ್ಲಿಯೇ ಕನ್ನಡ ಚಿತ್ರವನ್ನು ನಿರ್ದೇಶಿಸಿದರು. ಅನಂತನಾಗ್ ಅವರು ಗಾಯಕನ ಪಾತ್ರವನ್ನು ವಹಿಸಿದರು. ಎಂ. ಬಾಲಮುರಳಿಕೃಷ್ಣ ಅವರ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯು ದೊರೆಯಿತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದುರ್ಗದಲ್ಲಿದ್ದನೆಂದು ಹೇಳಲಾಗುವ ಭೈರವಿ ವೆಂಕಟಸುಬ್ಬಯ್ಯನೇ ಕಥಾನಾಯಕನು. ಆತನನ್ನು ಅರಿಯಬೇಕಾದರೆ ಆತನ ಕಾಲವನ್ನು ಅರಿಯಬೇಕು. ಆ ಪೀಳಿಗೆಯವರ ಬಾಲ್ಯವು ಶಾಂತಿಯಲ್ಲಿ ಕಳೆಯಲಿಲ್ಲ. ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅಲ್ಲಿಂದ ಮುಂದೆ ದುರ್ಗವು ಮೈಸೂರಿಗೂ ಮರಾಠರಿಗೂ ನಡುವೆ ಸಿಕ್ಕಿ, ಒಮ್ಮೆ ಒಬ್ಬರಿಗೆ, ಮತ್ತೊಮ್ಮೆ ಇನ್ನೊಬ್ಬರಿಗೆ ತಲೆಬಾಗಬೇಕಾಯಿತು. ೧೭೭೭ರ ಮುತ್ತಿಗೆಯನ್ನು ಕೋಟೆಯು ತಾಳಿಕೊಂಡಿತು, ೧೭೭೯ರಲ್ಲಿ ಬಿದ್ದಿತು. ಮದಕರಿ ನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಹೋದವನು ಆತನೊಬ್ಬನೇ ಅಲ್ಲ. ಸುಮಾರು ೨೦,೦೦೦ ಜನರನ್ನು ಅಲ್ಲಿಗೆ ಸಾಗಿಸಿದರೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ 'ಚೇಲಾ' ಎಂಬ ದಂಡುಗಳನ್ನು ಕಟ್ಟಿದರೆಂದೂ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಬರೆದಿರುವನು.

ಸಂಗೀತವು ಗುರುಮುಖದಿಂದ ಶಿಷ್ಯನಿಗೆ ಬರುವ ವಿದ್ಯೆ. ಮಕ್ಕಳೇ ಇಲ್ಲವಾದ ಊರಿನಲ್ಲಿ ಅದನ್ನು ಕಲಿಯುವವರಾರು, ಕಲಿಸುವವರಾರು? ಕೋಟೆಯ ಕಲ್ಲು ಉಳಿದು ಹಾಡು ಅಳಿದುದರಲ್ಲಿ ಆಶ್ಚರ್ಯವಿಲ್ಲ.

ಅರಮನೆಯು ಬಿದ್ದ ಬಳಿಕ ಅದರ ಅನ್ನವನ್ನುಂಡ ಗಾಯಕನು ಹೊಸ ಪ್ರಭುವಿನ ಮುಂದೆ ಹಾಡಬೇಕೇ? ಕಥೆಯ ಗಂಟು ಇರುವುದು ಇಲ್ಲಿಯೇ. ಟಿಪ್ಪುವಿನ ಅಪ್ಪಣೆಗೆ ಹಾಡಲೊಪ್ಪದೆ ವೆಂಕಟಸುಬ್ಬಯ್ಯನು ತನ್ನ ನಾಲಗೆಯನ್ನು ತಾನೇ ಕತ್ತರಿಸಿಕೊಂಡನೆಂದು ಕಾದಂಬರಿಯು ಹೇಳುವುದು. ಇದನ್ನು ಚರಿತ್ರೆಯೆಂದು ನಂಬುವುದು ತರವಲ್ಲ. ಮುತ್ತಿಗೆಗೆ ದಾಖಲೆಯುಂಟು, ಈ ಪ್ರಸಂಗಕ್ಕೆ ಐತಿಹ್ಯವೂ ಕವಿಕಲ್ಪನೆಯೂ ಆಧಾರ. ಚಿತ್ರವನ್ನು ನೋಡಿದ ಮಕ್ಕಳು "ಇದು ನಿಜವೇ?" ಎಂದು ಕೇಳಿದಾಗ ಹಿರಿಯರು ಈ ಭೇದವನ್ನು ಬಿಡಿಸಿ ಹೇಳುವುದು ಉಚಿತ. ಐತಿಹ್ಯದ ಟಿಪ್ಪುವನ್ನೂ ಚರಿತ್ರೆಯ ಟಿಪ್ಪುವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ಕಥೆಯು ಹುಸಿಯಾಗಲಿಲ್ಲ. ಸೋತ ಊರಿನ ಜನರು ರಾಜ್ಯವನ್ನೂ ಮಕ್ಕಳನ್ನೂ ಕಳೆದುಕೊಂಡ ಮೇಲೆ, ತಮ್ಮದೆಂದು ಹೇಳಿಕೊಳ್ಳಲು ಒಬ್ಬ ಗಾಯಕನ ಹಟವನ್ನಾದರೂ ಕಾಪಾಡಿಕೊಂಡರು. ಅವರ ದುಃಖದ ಅಳತೆ ಅದರಲ್ಲಿದೆ. ಸುಬ್ಬರಾಯರು ಮುಂದೆ 'ದುರ್ಗಾಸ್ತಮಾನ'ದಲ್ಲಿ ಮದಕರಿಯ ಪತನವನ್ನು ವಿಸ್ತಾರವಾಗಿ ಬರೆದರು. ೧೯೮೪ರಲ್ಲಿ ಅವರು ತೀರಿಕೊಂಡ ಬಳಿಕ, ೧೯೮೫ರಲ್ಲಿ, ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಅರಸನ ಕಥೆಗಿಂತ ಬಹು ಮೊದಲೇ ಅವರು ಗಾಯಕನ ಕಥೆಯನ್ನು ಬರೆದಿದ್ದರೆಂಬುದನ್ನು ದುರ್ಗದವರು ಮರೆಯಬಾರದು.